ತೊಲೆಗೆ ಕೊಂಡಿ ಹಾಕುವ ಮುನ್ನ

ಮಲೆನಾಡಿನ ಹಳೆಯ ಮನೆಗಳ ತೊಲೆಗಳಿಗೆ ಕಬ್ಬಿಣದ ಕೊಂಡಿಗಳು ಹೊಸತಲ್ಲ. ಒಂದರಲ್ಲಿ ತೊಟ್ಟಿಲು ತೂಗಿತ್ತು, ಇನ್ನೊಂದರಲ್ಲಿ ಬಾಳೆಗೊನೆ ಹಣ್ಣಾಗಿತ್ತು, ಜಗಲಿಯ ಕೊಂಡಿಯಲ್ಲಿ ಲಾಟೀನು ಉರಿದಿತ್ತು. ಈಚಿನ ಬೇಸಿಗೆಗಳಲ್ಲಿ ಅವೇ ತೊಲೆಗಳಿಗೆ ಮತ್ತೊಂದು ಕೊಂಡಿ ಸೇರುತ್ತಿದೆ. ಅದು ಸೀಲಿಂಗ್ ಫ್ಯಾನಿನದು. ಶಿವರಾತ್ರಿ ಕಳೆಯುತ್ತಿದ್ದಂತೆ ಪೇಟೆಯ ಅಂಗಡಿಗಳಿಂದ ಉದ್ದನೆಯ ರಟ್ಟಿನ ಪೆಟ್ಟಿಗೆಗಳು ಬಸ್ಸಿನ ಮೇಲೇರಿ ಹಳ್ಳಿ ಸೇರುತ್ತವೆ. ಮರುದಿನ ಎಲೆಕ್ಟ್ರೀಷಿಯನ್ ಬರುತ್ತಾನೆ, ತೊಲೆಗೆ ತೂತು ಬೀಳುತ್ತದೆ, ಸಂಜೆಗೆ ಗಾಳಿ ಬೀಸುತ್ತದೆ. ಅರ್ಧ ದಿನದಲ್ಲಿ ಮುಗಿಯುವ ಈ ಸಣ್ಣ ಕೆಲಸದ ಬಗ್ಗೆ ಪರಿಸರದ ಪತ್ರಿಕೆಯೊಂದು ಏಕೆ ಚಿಂತಿಸಬೇಕು ಎಂದು ಕೇಳುವವರಿದ್ದಾರೆ. ಆದರೆ ಆ ತೂತಿನಿಂದ ಹೊರಡುವ ತಂತಿಯ ಇನ್ನೊಂದು ತುದಿ ಶರಾವತಿಯ ಕಣಿವೆಯಲ್ಲಿದೆ. ಆದ್ದರಿಂದ ಚಿಂತಿಸಬೇಕಾಗಿದೆ.

ಪರಿಸರ ಚಳವಳಿಯ ಒಳಗೆ ಫ್ಯಾನಿನ ಬಗೆಗೆ ಒಂದು ತಾತ್ಸಾರವಿದೆ. 'ಅಜ್ಜ ಅಜ್ಜಿಯರು ಫ್ಯಾನಿಲ್ಲದೆ ಬದುಕಲಿಲ್ಲವೇ?' ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾತು ನಿಜ, ತೀರ್ಮಾನ ತಪ್ಪು. ಅಜ್ಜ ಅಜ್ಜಿಯರು ಬದುಕಿದ ಮನೆಯೂ ಬೇರೆ, ಅವರ ಅಂಗಳವೂ ಬೇರೆ, ಅವರ ಬೇಸಿಗೆಯೂ ಬೇರೆ. 1901ರಿಂದೀಚೆಗಿನ ದಾಖಲೆಗಳಲ್ಲಿ 2024 ಭಾರತದ ಅತ್ಯಂತ ಬಿಸಿಯ ವರ್ಷವೆಂದು ಹವಾಮಾನ ಇಲಾಖೆ ಹೇಳಿದೆ. ಆ ವರ್ಷದ ಸರಾಸರಿ ಉಷ್ಣಾಂಶವು 1991-2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚಿತ್ತು. 2023ರ ಬರದ ಬೆನ್ನಿಗೇ ಬಂದ ಆ ಬೇಸಿಗೆಯಲ್ಲಿ ಮಲೆನಾಡಿನ ತೋಟಗಳು ಬಾಡಿದ್ದನ್ನು, ಬಾವಿಗಳು ತಳ ಕಂಡದ್ದನ್ನು ಯಾರೂ ಮರೆತಿಲ್ಲ. ಹಾಸಿಗೆ ಹಿಡಿದ ವೃದ್ಧರು, ಬಾಣಂತಿಯರು, ಹಸುಗೂಸುಗಳು ಇರುವ ಕೋಣೆಗೆ ಗಾಳಿ ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಫ್ಯಾನು ಬೇಕೇ ಬೇಡವೇ ಎಂಬ ಚರ್ಚೆಯನ್ನು ಅಲ್ಲಿಗೇ ಮುಗಿಸುವುದು ಒಳಿತು. ಯಾವ ಮನೆಗೆ, ಯಾವ ಕ್ರಮದಲ್ಲಿ, ಎಂತಹ ಫ್ಯಾನು ಎಂಬುದೇ ಉಳಿಯುವ ಪ್ರಶ್ನೆ.

ಮನೆ ಬಿಸಿಯಾದದ್ದು ಹೇಗೆ?

ಮಲೆನಾಡಿನ ಹಳೆಯ ಮನೆ ಮಳೆಗಾಗಿ ಕಟ್ಟಿದ್ದು ಎಂಬುದು ಎಲ್ಲರ ತಿಳಿವಳಿಕೆ. ಅದು ಬಿಸಿಲಿಗಾಗಿಯೂ ಕಟ್ಟಿದ್ದೇ. ದಪ್ಪನೆಯ ಮಣ್ಣಿನ ಇಲ್ಲವೇ ಕೆಂಪುಕಲ್ಲಿನ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಹೀರುತ್ತದೆ. ತೊಲೆಗಳ ಮೇಲೆ ಹಲಗೆ ಅಥವಾ ಅಡಿಕೆ ದಬ್ಬೆ ಹಾಸಿ, ಮೇಲೆ ಮಣ್ಣು ಮೆತ್ತಿದ ಮುಚ್ಚಿಗೆಯು ಮಾಡಿನ ಬಿಸಿಯನ್ನು ಕೋಣೆಗೆ ಇಳಿಯಗೊಡುವುದಿಲ್ಲ. ಮುಚ್ಚಿಗೆಗೂ ಹೆಂಚಿಗೂ ನಡುವೆ ಅಟ್ಟದ ಗಾಳಿಯ ಪದರವಿದೆ. ಹೆಂಚುಗಳ ಸಂದಿನಿಂದ ಬಿಸಿಗಾಳಿ ತಾನಾಗಿ ಹೊರಹೋಗುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಸೋಗೆಯ ಜಾಗಕ್ಕೆ ಹೆಂಚು ಬಂದಿತಾದರೂ ಮಾಡು ಉಸಿರಾಡುವ ಗುಣವನ್ನು ಕಳೆದುಕೊಳ್ಳಲಿಲ್ಲ. ಅಂಗಳಕ್ಕೆ ಅಡಿಕೆಯ ಚಪ್ಪರ, ಪಡುವಣಕ್ಕೆ ಹಲಸು ಮಾವು, ಹಿತ್ತಿಲಿಗೆ ಬಾಳೆಯ ಸಾಲು. ಇವೆಲ್ಲ ಸೇರಿ ಮನೆಯನ್ನು ತಂಪಾಗಿ ಇಡುತ್ತಿದ್ದವು.

ಈ ಏರ್ಪಾಡಿನಲ್ಲಿ ಈಗ ಏನೇನು ಉಳಿದಿದೆ? ಸೋರುವ ಹೆಂಚನ್ನು ವರ್ಷವರ್ಷ ಕೈಯಾಡಿಸಲು ಆಳು ಸಿಗದೆಂದು ಅನೇಕರು ತಗಡು ಹೊದಿಸಿದರು. ತಗಡು ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಅನುಕೂಲವುಳ್ಳವರು ಮನೆಯ ಒಂದು ಭಾಗ ಕೆಡವಿ ತಾರಸಿ ಹಾಕಿಸಿದರು. ಕಾಂಕ್ರೀಟು ಹಗಲೆಲ್ಲ ಹೀರಿದ ಕಾವನ್ನು ಜನ ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತದೆ. ಅಂಗಳಕ್ಕೆ ಸಿಮೆಂಟು ಅಥವಾ ಇಂಟರ್‌ಲಾಕ್ ಬಿಲ್ಲೆ ಬಂತು. ಕಸ ಉದುರುತ್ತದೆ, ಗಾಳಿಗೆ ಮಾಡಿನ ಮೇಲೆ ಬಿದ್ದೀತು ಎಂದು ಪಡುವಣದ ಮರ ಕಡಿಯಲಾಯಿತು. ಹೀಗೆ ಮನೆಯ ಸುತ್ತಲಿನ ತಂಪನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆ ಫ್ಯಾನು ಬೇಕೆನ್ನಿಸುವುದು ಸಹಜವೇ.

ಇಲ್ಲಿ ತೋಟದ ಅನುಭವವೊಂದನ್ನು ನೆನೆಯಬೇಕು. ಅಡಿಕೆ ಮರಕ್ಕೆ ನೈಋತ್ಯದ ಬಿಸಿಲು ಆಗದು ಎಂಬುದನ್ನು ಮಲೆನಾಡಿನ ಪ್ರತಿಯೊಬ್ಬ ಬೆಳೆಗಾರ ಬಲ್ಲ. ಆ ದಿಕ್ಕಿನ ಕಾಂಡ ಸುಟ್ಟು, ಬಿರುಕು ಬಿಟ್ಟು, ಮರವೇ ಮುರಿದು ಬೀಳುತ್ತದೆ. ಅದಕ್ಕಾಗಿ ತೋಟದ ಅಂಚಿಗೆ ನೆರಳಿನ ಗಿಡ ಬೆಳೆಸುತ್ತಾನೆ, ಎಳೆಯ ಮರಕ್ಕೆ ಸೋಗೆ ಕಟ್ಟುತ್ತಾನೆ, ಕಾಂಡಕ್ಕೆ ಸುಣ್ಣ ಬಳಿಯುತ್ತಾನೆ. ಅಡಿಕೆಗೆ ಇಷ್ಟೆಲ್ಲ ಉಪಚಾರ ಮಾಡುವವನು ತನ್ನ ತಾಯಿ ಮಲಗುವ ಕೋಣೆಯ ಪಡುವಣದ ಗೋಡೆಯನ್ನು ಬರಿದಾಗಿ ಬಿಸಿಲಿಗೆ ಒಡ್ಡಿರುತ್ತಾನೆ. ಕಾಂಡಕ್ಕೆ ತಿಳಿದ ಬಿಸಿಲು ಗೋಡೆಗೂ ಒಂದೇ.

ಮೊದಲು ನೆರಳು, ಆಮೇಲೆ ಗಾಳಿ

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಮೈಯ ಬೆವರನ್ನು ಬೇಗ ಆರಿಸುತ್ತದೆ, ಆರುವಾಗ ಮೈ ತಂಪಾಗುತ್ತದೆ. ಅಷ್ಟೇ ಅದರ ಕೆಲಸ. ಮಳೆಗಾಲಕ್ಕೆ ಮುಂಚಿನ ಮಲೆನಾಡಿನ ಸೆಕೆಯಲ್ಲಿ ತೇವದಿಂದಾಗಿ ಬೆವರು ಆರುವುದೇ ಕಷ್ಟ. ಆದ್ದರಿಂದ ಇಲ್ಲಿ ಫ್ಯಾನಿನ ಉಪಯೋಗ ನಿಜವಾದದ್ದು. ಆದರೆ ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಯಾರನ್ನೂ ತಂಪು ಮಾಡದು. ಅದರ ಮೋಟಾರಿನ ಕಾವು ಕೋಣೆಗೇ ಸೇರುತ್ತದೆ. 'ಕೋಣೆ ತಣ್ಣಗಾಗಲಿ' ಎಂದು ಮುಂಚಿತವಾಗಿ ಫ್ಯಾನು ಹಾಕಿಡುವ ಅಭ್ಯಾಸ ಬಿಡಬೇಕಾದದ್ದು ಈ ಕಾರಣಕ್ಕೆ. ಕೋಣೆಯ ಗಾಳಿ 40 ಡಿಗ್ರಿ ಮೀರಿದರಂತೂ ಫ್ಯಾನು ಬಿಸಿಯನ್ನೇ ಮೈಗೆ ಬೀಸುತ್ತದೆ. ಆಗ ಅದನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮಧ್ಯಾಹ್ನದ ತಗಡಿನ ಮನೆಯಲ್ಲಿ ಈ ಎಚ್ಚರ ಬೇಕು.

ಮುಚ್ಚಿಗೆಯಿಲ್ಲದ, ನೇರವಾಗಿ ಹೆಂಚು ಅಥವಾ ತಗಡು ಕಾಣುವ ಕೋಣೆಯಲ್ಲಿ ಬಿಸಿಗಾಳಿ ಮಾಡಿನ ಕೆಳಗೆ ಸೇರಿಕೊಂಡಿರುತ್ತದೆ. ಅದು ಹೊರಹೋಗಲು ದಾರಿ ಮಾಡದೆ ಫ್ಯಾನು ತೂಗಿದರೆ, ಮೇಲಿದ್ದ ಬಿಸಿಯನ್ನು ಮಲಗಿದವರ ಮೇಲೆ ಸುರಿದಂತಾಗುತ್ತದೆ. ಆದ್ದರಿಂದ ಪೆಟ್ಟಿಗೆ ತರುವ ಮುನ್ನ ಮಾಡಬೇಕಾದ ಕೆಲಸಗಳು ಕೆಲವಿವೆ. ಗೋಡೆಯ ಮೇಲ್ಭಾಗದಲ್ಲಿ, ಎದುರುಬದುರಾಗಿ, ಬೆಳಕಿಂಡಿ ತೆರೆಯಬೇಕು. ಅದಕ್ಕೆ ಇಲಿ, ಬಾವಲಿ ಬಾರದಂತೆ ಜಾಲರಿ ಇರಲಿ. ತಗಡಿನ ಕೆಳಗೆ ಬಿದಿರಿನ ತಟ್ಟಿಯದೋ ಹಲಗೆಯದೋ ಒಳಮಾಡು ಕಟ್ಟಬೇಕು. ತಾರಸಿಗೆ ಮಳೆಗಾಲ ಕಳೆದ ಮೇಲೆ ಪ್ರತಿವರ್ಷ ಬಿಳಿ ಸುಣ್ಣ ಬಳಿಯಬೇಕು. ಏಪ್ರಿಲ್ ಕೊನೆಯ ದಿನಗಳಲ್ಲಿ ಸೂರ್ಯ ಸಾಗರ, ಶಿರಸಿಗಳ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಮನೆಯ ಯಾವ ಗೋಡೆಗಿಂತಲೂ ಮಾಡಿನ ಮೇಲೆಯೇ ಹೆಚ್ಚು ಬಿಸಿಲು ಬೀಳುತ್ತದೆ. ಪಡುವಣದ ಗೋಡೆಗೆ ಈ ವರ್ಷ ಚಪ್ಪರ ಹಾಕಿ ಬಳ್ಳಿ ಹಬ್ಬಿಸಿದರೆ, ಮುಂದಿನ ವರ್ಷಗಳಿಗಾಗಿ ಒಂದು ಮರ ನೆಟ್ಟರೆ, ಫ್ಯಾನಿನ ಅರ್ಧ ಕೆಲಸ ಮುಗಿದಂತೆ. ಈ ಯಾವುದಕ್ಕೂ ವಿದ್ಯುತ್ ಮೀಟರು ತಿರುಗಬೇಕಿಲ್ಲ.

ಹಳೆಯ ಮನೆಗೆ ಹೊಸ ಭಾರ

ಇಷ್ಟಾದ ಮೇಲೂ ಫ್ಯಾನು ಬೇಕು. ಹಾಕುವ ಕೆಲಸ ಕ್ರಮವಾಗಿ ಆಗಬೇಕು. ಸೀಲಿಂಗ್ ಫ್ಯಾನಿನ ರೆಕ್ಕೆ ನೆಲದಿಂದ ಕನಿಷ್ಠ 2.4 ಮೀಟರ್, ಅಂದರೆ ಸುಮಾರು 8 ಅಡಿ ಮೇಲಿರಬೇಕು. ಮುಚ್ಚಿಗೆಯ ಅನೇಕ ಕೋಣೆಗಳಲ್ಲಿ ತೊಲೆಯೇ ಅದಕ್ಕಿಂತ ಕೆಳಗಿರುತ್ತದೆ. ಕೈ ಎತ್ತಿದರೆ ತೊಲೆ ಸಿಗುವ ಕೋಣೆಗೆ ಸೀಲಿಂಗ್ ಫ್ಯಾನು ತಕ್ಕುದಲ್ಲ. ಹಾಸಿಗೆ ಕೊಡವುವ ಕೈ, ಮಂಚದ ಮೇಲೆ ನಿಂತ ಮಗು, ಹೆಗಲ ಮೇಲೆ ಕೂರಿಸಿಕೊಂಡ ಕೂಸು, ಇಷ್ಟು ಸಾಕು ಅವಘಡಕ್ಕೆ. ಅಂತಹ ಕೋಣೆಗೆ ಗೋಡೆಯ ಫ್ಯಾನೋ ಮೇಜಿನ ಫ್ಯಾನೋ ಸಾಕು. ಅಂಗಡಿಯವನು ಹೇಳಲಾರದ ಈ ಮಾತನ್ನು ಮನೆಯವರೇ ಅಳತೆಪಟ್ಟಿ ಹಿಡಿದು ತಿಳಿದುಕೊಳ್ಳಬೇಕು.

ಎತ್ತರ ಸಾಕಷ್ಟಿದ್ದರೆ ಮುಂದಿನದು ತೊಲೆಯ ಪರೀಕ್ಷೆ. ಫ್ಯಾನಿನ ತೂಕ ನಾಲ್ಕೈದು ಕಿಲೋ ಇರಬಹುದು. ಬಾಳೆಗೊನೆಗಿಂತ ಕಡಿಮೆಯೇ. ಆದರೆ ಗೊನೆ ಸುಮ್ಮನೆ ತೂಗುತ್ತದೆ, ಫ್ಯಾನು ಗಂಟೆಗಟ್ಟಲೆ ಅದುರುತ್ತದೆ. ಈ ಅದುರುವಿಕೆ ಸ್ಕ್ರೂಗಳನ್ನು ಸಡಿಲಿಸುತ್ತದೆ, ಮಣ್ಣಿನ ಮುಚ್ಚಿಗೆಯಿಂದ ದೂಳು ಉದುರಿಸುತ್ತದೆ. ಆದ್ದರಿಂದ ಬಾಯಿ ತೆರೆದ ಹಳೆಯ ತೊಟ್ಟಿಲ ಕೊಂಡಿಗೆ ಫ್ಯಾನು ಸಿಕ್ಕಿಸುವುದು ಅಪಾಯ. ಪಕಾಸು, ರೀಪುಗಳಿಗೆ ತೂಗುವುದೂ ಸಲ್ಲದು. ಭಾರ ಹೊರಬೇಕಾದದ್ದು ತೊಲೆ ಮಾತ್ರ. ಅದನ್ನು ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ, ಬುಡದಲ್ಲಿ ಹಿಟ್ಟು ಉದುರಿದ್ದರೆ, ಗೋಡೆಗೆ ಸೇರುವಲ್ಲಿ ಗೆದ್ದಲಿನ ಮಣ್ಣಿನ ಗೆರೆ ಇದ್ದರೆ ಅಲ್ಲಿಗೆ ಕೆಲಸ ನಿಲ್ಲಿಸಬೇಕು. ತೊಲೆ ಗಟ್ಟಿಯಾಗಿದ್ದರೂ ಅದರ ತಳಭಾಗಕ್ಕೆ ದೊಡ್ಡ ತೂತು ಕೊರೆಯಬಾರದು. ಬಾಗುವ ತೊಲೆಯಲ್ಲಿ ಎಳೆತವನ್ನು ತಾಳುವುದು ತಳದ ನಾರುಗಳೇ. ತೊಲೆಯನ್ನು ಸುತ್ತಿ ಹಿಡಿಯುವ ಕಬ್ಬಿಣದ ಪಟ್ಟಿ ಉತ್ತಮ. ಕಮ್ಮಾರನಿಂದ ಮಾಡಿಸಬಹುದು. ತೂತು ಅನಿವಾರ್ಯವಾದರೆ ತೊಲೆಯ ಎತ್ತರದ ನಟ್ಟನಡುವೆ ಅಡ್ಡಲಾಗಿ ಕೊರೆದು, ಬೋಲ್ಟು ಹಾಯಿಸಿ, ಎರಡೂ ಬದಿಗೆ ಅಗಲ ವಾಷರು ಕೂರಿಸಬೇಕು. ಕೊಂಡಿಗೆ ರಬ್ಬರ್ ಬುಷ್, ಬೋಲ್ಟಿಗೆ ಪಿನ್ನು, ಇವೆರಡರ ಜೊತೆಗೆ ತೊಲೆಯಿಂದ ಫ್ಯಾನಿಗೆ ಒಂದು ಉಕ್ಕಿನ ತಂತಿಯ ಕಾವಲು ಇದ್ದರೆ ಕೊಂಡಿ ಕಳಚಿದರೂ ಫ್ಯಾನು ತಲೆಯ ಮೇಲೆ ಬೀಳದು.

ಇದಕ್ಕಿಂತಲೂ ಹೆಚ್ಚಿನ ಅಪಾಯ ವೈರಿಂಗಿನದು. ಎಷ್ಟೋ ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎರಡೇ ತಂತಿ ಎಳೆದ ವೈರಿಂಗ್ ಇನ್ನೂ ಇದೆ. ಅದು ಒಂದೆರಡು ಬಲ್ಬಿಗಾಗಿ ಹಾಕಿದ್ದು, ಅರ್ಥಿಂಗ್ ಇಲ್ಲದ್ದು. ತಂತಿಗಳು ಹಾದುಹೋಗುವುದು ಅಟ್ಟದಲ್ಲಿ. ಅಟ್ಟದಲ್ಲಿರುವುದು ಒಣ ಅಡಿಕೆ, ಹಳೆಯ ಗೋಣಿ, ಸೋಗೆ, ಜೇಡರ ಬಲೆ. ಇಲಿ ಕಡಿದ ತಂತಿಯ ಒಂದು ಕಿಡಿ ಸಾಕು, ಮೂರು ತಲೆಮಾರಿನ ಮನೆ ಒಂದು ರಾತ್ರಿಯಲ್ಲಿ ಬೂದಿಯಾಗುತ್ತದೆ. ಫ್ಯಾನಿಗೆ ಬಲ್ಬಿನ ಹೋಲ್ಡರಿನಿಂದ ತಂತಿ ಎಳೆಯುವುದು ಉಳಿತಾಯವಲ್ಲ. ಮೂರು ತಂತಿಯ ಹೊಸ ಸಾಲು, ಕೊಳವೆಯೊಳಗೆ ತಂತಿ, ಅರ್ಥಿಂಗಿನ ಗುಂಡಿ, ಎಂ.ಸಿ.ಬಿ., ಅದರೊಂದಿಗೆ ಸೋರಿಕೆಯಾದ ಕೂಡಲೇ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ., ಇವುಗಳಿಗೆ ಖರ್ಚು ಮಾಡಿದ ಮೇಲೆ ಉಳಿದ ಹಣದಲ್ಲಿ ಫ್ಯಾನು ಕೊಳ್ಳಬೇಕು. ಈಗ ನಡೆಯುತ್ತಿರುವುದು ಇದರ ತಿರುವುಮುರುವು.

ಎಂತಹ ಫ್ಯಾನು?

ಮನೆಗಳಲ್ಲಿ ತಿರುಗುತ್ತಿರುವ ಸಾಮಾನ್ಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ 70ರಿಂದ 80 ವಾಟ್ ವಿದ್ಯುತ್ ಬಳಸುತ್ತದೆ. ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು ಅಷ್ಟೇ ಗಾಳಿಯನ್ನು ಸುಮಾರು 30 ವಾಟ್‌ನಲ್ಲಿ ಕೊಡುತ್ತದೆ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಒಂದು ವಾಟ್ ವಿದ್ಯುತ್ತಿಗೆ ಎಷ್ಟು ಗಾಳಿ ಬೀಸುತ್ತದೆ ಎಂಬುದೇ ಆ ನಕ್ಷತ್ರಗಳ ಆಧಾರ. ಲೆಕ್ಕ ಸರಳ: 75 ವಾಟ್ ಫ್ಯಾನು ದಿನಕ್ಕೆ 10 ಗಂಟೆಯಂತೆ ಬೇಸಿಗೆಯ 120 ದಿನ ತಿರುಗಿದರೆ 90 ಯೂನಿಟ್, 30 ವಾಟ್‌ನದಾದರೆ 36 ಯೂನಿಟ್. ಒಂದು ಫ್ಯಾನಿನಿಂದ ಒಂದೇ ಬೇಸಿಗೆಯಲ್ಲಿ 54 ಯೂನಿಟ್ ಉಳಿಯುತ್ತದೆ.

ಆಕ್ಷೇಪಗಳೂ ಇವೆ, ಅವು ನ್ಯಾಯವಾದವೇ. ಬಿ.ಎಲ್.ಡಿ.ಸಿ. ಫ್ಯಾನಿನ ಬೆಲೆ ಹೆಚ್ಚು. ಸಾಮಾನ್ಯ ಫ್ಯಾನು ಕೆಟ್ಟರೆ ಪೇಟೆಯ ಯಾವ ರಿಪೇರಿಯವನೂ ಕೆಪಾಸಿಟರ್ ಬದಲಿಸಿಯೋ, ಮೋಟಾರು ಸುತ್ತಿಯೋ ಕೊಡುತ್ತಾನೆ. ಹೊಸದರಲ್ಲಿ ಇಲೆಕ್ಟ್ರಾನಿಕ್ ಬೋರ್ಡೇ ಹೋಗುತ್ತದೆ, ಅದನ್ನು ತರಿಸಲು ಕಾಯಬೇಕು. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಮಲೆನಾಡಿನ ಸಾಲುಗಳಲ್ಲಿ ಬರುವ ವಿದ್ಯುತ್ ಹೊಡೆತ ಇಂತಹ ಬೋರ್ಡುಗಳಿಗೆ ಮಾರಕ. ಆದರೂ ಸಾಲಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಕುಸಿದಾಗ ಹಳೆಯ ಫ್ಯಾನು ತೆವಳುತ್ತದೆ, ಹೊಸದು ಬಹುಮಟ್ಟಿಗೆ ವೇಗ ಕಾಯ್ದುಕೊಳ್ಳುತ್ತದೆ. ಇನ್ವರ್ಟರಿನ ಬ್ಯಾಟರಿಯ ಮೇಲೂ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ತಿರುಗುತ್ತದೆ. ಗುಡುಗಿದಾಗ ಮೆಯಿನ್ ಸ್ವಿಚ್ ಆರಿಸುವ ಹಳೆಯ ರೂಢಿ ಉಳಿಸಿಕೊಂಡು, ದುರಸ್ತಿಯ ಭರವಸೆ ಲಿಖಿತವಾಗಿ ಕೊಡುವ ಅಂಗಡಿಯಲ್ಲಿ ಕೊಂಡರೆ ಲಾಭವೇ ಹೆಚ್ಚು. ಈಗಿರುವ ಹಳೆಯ ಫ್ಯಾನನ್ನೇ ಉಳಿಸಿಕೊಳ್ಳುವವರು ಕಾಯುವ ಹಳೆಯ ದಪ್ಪ ರೆಗ್ಯುಲೇಟರನ್ನಾದರೂ ಬದಲಿಸಲಿ. ವೇಗ ತಗ್ಗಿಸಿದಾಗ ಉಳಿಯಬೇಕಾದ ವಿದ್ಯುತ್ತನ್ನು ಅದು ಬಿಸಿಯಾಗಿ ಕಳೆಯುತ್ತದೆ.

ತಂತಿಯ ಇನ್ನೊಂದು ತುದಿ

ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ಮನೆಯ ವಿದ್ಯುತ್ತಿಗೆ ಬೆಲೆಯೇ ಇಲ್ಲವೆಂಬ ಭಾವನೆ ಬೆಳೆದಿದೆ. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡಲಾಗಿದೆ. ಮಿತಿ ಮೀರಿದ್ದಕ್ಕೆ ಹಣ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಆ ಮಿತಿಯೊಳಗೆ ಬೇಸಿಗೆ ಕಳೆಯಬೇಕಾದ ಬಡ ಮನೆಗೆ 54 ಯೂನಿಟ್ ಸಣ್ಣದಲ್ಲ.

ಬಿಲ್ಲು ಬಾರದಿದ್ದರೂ ವಿದ್ಯುತ್ತಿಗೆ ಬೆಲೆ ಇದ್ದೇ ಇದೆ. ಅದನ್ನು ಮಲೆನಾಡಿಗಿಂತ ಚೆನ್ನಾಗಿ ಬಲ್ಲ ನಾಡಿಲ್ಲ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಂತಿತು. ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮನೆಗಳನ್ನು ನೀರಿಗೆ ಬಿಟ್ಟು ಎದ್ದವು. ನಾಡಿಗೆಲ್ಲ ಬೆಳಕು ಕೊಟ್ಟ ಆ ಜನರಲ್ಲಿ ಅನೇಕರ ಮನೆಗೆ ವಿದ್ಯುತ್ ಬಂದದ್ದು ಎಷ್ಟೋ ಕಾಲದ ಮೇಲೆ. ಮುಳುಗಡೆಯ ಮೊಮ್ಮಗನ ಮನೆಯಲ್ಲಿ ಇಂದು ಫ್ಯಾನು ತಿರುಗಿದರೆ ಅದು ಅವನ ಹಕ್ಕು. ಅದನ್ನು ಭೋಗವೆಂದು ಕರೆಯುವವರು ಆ ಚರಿತ್ರೆಯನ್ನು ಮೊದಲು ಓದಲಿ.

ಅದೇ ಕಣಿವೆಯಲ್ಲಿ ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿದೆ. ಬೇಡಿಕೆ ಕಡಿಮೆಯಿದ್ದಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಡುವ ಯೋಜನೆ ಇದು. ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಎತ್ತುವುದಕ್ಕೇ ಬಳಸುವುದು ಇಂತಹ ಯೋಜನೆಗಳ ಸ್ವಭಾವ. ಜಾಗವಿರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಯೋಜನೆಯ ಪರವಾಗಿ ಹೇಳುವ ಮುಖ್ಯ ಕಾರಣ ಸಂಜೆ ಮತ್ತು ರಾತ್ರಿಯ ಏರುಬೇಡಿಕೆ. ಮನೆಗಳಲ್ಲಿ ಫ್ಯಾನುಗಳು ತಿರುಗುವುದೂ ಆ ಹೊತ್ತಿಗೇ.

ಇಲ್ಲಿ ಲೆಕ್ಕ ಪ್ರಾಮಾಣಿಕವಾಗಿರಬೇಕು. ಒಂದು ಲಕ್ಷ ಮನೆಗಳು ಎರಡೆರಡು ಹಳೆಯ ಫ್ಯಾನು ಬದಲಿಸಿದರೆ, ಎಲ್ಲವೂ ಒಟ್ಟಿಗೆ ತಿರುಗುವ ಹೊತ್ತಿನಲ್ಲಿ ಉಳಿಯುವುದು 9 ಮೆಗಾವಾಟ್. ಇದರಿಂದ ಕಣಿವೆ ಉಳಿಯಿತೆಂದು ಹೇಳಿದರೆ ನಗೆಗೀಡು. ಆದರೆ 2011ರ ಜನಗಣತಿಯ ಹೊತ್ತಿಗೇ ರಾಜ್ಯದಲ್ಲಿ ಒಂದು ಕೋಟಿಗಿಂತ ಹೆಚ್ಚು ಕುಟುಂಬಗಳಿದ್ದವು. ರಾಜ್ಯದಾದ್ಯಂತ ಒಂದು ಕೋಟಿ ಫ್ಯಾನು ಬದಲಾದರೆ ಅದೇ ಲೆಕ್ಕದಲ್ಲಿ 450 ಮೆಗಾವಾಟ್ ಉಳಿಯುತ್ತದೆ. ಇದಕ್ಕೆ ಒಂದು ಮರವೂ ಬೀಳಬೇಕಿಲ್ಲ, ಒಂದು ಸುರಂಗವೂ ಕೊರೆಯಬೇಕಿಲ್ಲ. ಇದು ಯೋಜನೆಯ ಪೂರ್ಣ ಬದಲಿಯಲ್ಲ. ಆದರೆ ಇಷ್ಟನ್ನೂ ಮಾಡದೆ ಸಿಂಗಳೀಕಗಳ ಕಾಡಿಗೆ ಕೈ ಹಾಕುವುದು ಸರಿಯೇ ಎಂದು ಕೇಳಲು ಇಷ್ಟು ಸಾಕು.

ಎಲ್.ಇ.ಡಿ. ಬಲ್ಬು ದುಬಾರಿಯಾಗಿದ್ದಾಗ 2015ರ ಉಜಾಲಾ ಯೋಜನೆಯಲ್ಲಿ ವಿದ್ಯುತ್ ಕಂಪನಿಗಳ ಮೂಲಕ ಅದನ್ನು ಕಡಿಮೆ ಬೆಲೆಗೆ ಹಂಚಲಾಯಿತು. ಕೆಲವೇ ವರ್ಷಗಳಲ್ಲಿ ಹಳೆಯ ಬುರುಡೆ ಬಲ್ಬು ಹಳ್ಳಿಗಳಿಂದಲೂ ಮಾಯವಾಯಿತು. ಫ್ಯಾನಿಗೂ ಅಂತಹುದೇ ಕಾರ್ಯಕ್ರಮವನ್ನು ಕೇಂದ್ರದ ಇ.ಇ.ಎಸ್.ಎಲ್. ಸಂಸ್ಥೆ 2023ರ ನವೆಂಬರಿನಲ್ಲಿ ಘೋಷಿಸಿತು, ಒಂದು ಕೋಟಿ ಫ್ಯಾನಿನ ಗುರಿಯೊಂದಿಗೆ. ಮೆಸ್ಕಾಂ, ಹೆಸ್ಕಾಂಗಳ ಪ್ರತಿ ಉಪವಿಭಾಗದ ಕಚೇರಿಯಲ್ಲೂ ಅದು ಸಿಗುವಂತಾಗಬೇಕು. ಬೆಲೆಯನ್ನು ಕಂತಿನಲ್ಲಿ ಬಿಲ್ಲಿನೊಂದಿಗೇ ಕಟ್ಟುವಂತಿರಬೇಕು. ಮುಳುಗಡೆಯ ಕುಟುಂಬಗಳಿಗೆ, ಭಾಗ್ಯಜ್ಯೋತಿಯ ಮನೆಗಳಿಗೆ ಮೊದಲ ಪಾಲು ಸಲ್ಲಬೇಕು. ಜೊತೆಗೆ ಆ ಮನೆಗಳ ಹಳೆಯ ವೈರಿಂಗಿನ ಪರೀಕ್ಷೆಯನ್ನೂ ಕಂಪನಿಯೇ ಉಚಿತವಾಗಿ ಮಾಡಿಕೊಡಬೇಕು. ಚಳವಳಿಯು ಯೋಜನೆಯನ್ನು ವಿರೋಧಿಸುವ ಮನವಿಯ ಜೊತೆಗೇ ಈ ಬೇಡಿಕೆಯನ್ನೂ ಒಯ್ಯಬೇಕಾಗಿದೆ.

ಮತ್ತೊಂದು ಮಾತು. ಪೇಟೆಗಳ ತಾರಸಿ ಮನೆಗಳಲ್ಲಿ ಏರ್ ಕಂಡಿಷನರ್ ಕಾಣಿಸಿಕೊಳ್ಳತೊಡಗಿದೆ. ಒಂದೂವರೆ ಟನ್ನಿನ ಯಂತ್ರ ಸುಮಾರು 1500 ವಾಟ್ ಎಳೆಯುತ್ತದೆ. ಐವತ್ತು ಬಿ.ಎಲ್.ಡಿ.ಸಿ. ಫ್ಯಾನುಗಳಿಗೆ ಅದು ಸಮ. ಗಾಳಿಯಾಡುವ ಹೆಂಚಿನ ಮನೆಗೆ ಅದು ಒಗ್ಗದು. ಅದಕ್ಕಾಗಿ ಬೆಳಕಿಂಡಿ ಮುಚ್ಚಬೇಕು, ಕೊನೆಗೆ ಮಾಡನ್ನೇ ಇಳಿಸಬೇಕು. ಹಾಗಾಗಿ ಹಳೆಯ ಮನೆಯಲ್ಲಿ ಸರಿಯಾಗಿ ಹಾಕಿದ ಒಂದು ಫ್ಯಾನು ಆ ಮನೆಯನ್ನೇ ಉಳಿಸುವ ಉಪಾಯವಾಗಬಲ್ಲದು. ಸೆಕೆ ತಾಳಲಾರದೆ ಹೊಸ ತಲೆಮಾರು ಮಣ್ಣಿನ ಗೋಡೆ ಕೆಡವುವುದಕ್ಕಿಂತ, ತೊಲೆಗೆ ಗಟ್ಟಿಯಾದ ಪಟ್ಟಿಯೊಂದನ್ನು ಬಿಗಿದು ಅದರ ಕೆಳಗೆ ನಿದ್ರಿಸುವುದು ಲೇಸು.

ಬರುವ ಬೇಸಿಗೆಗೆ ಇನ್ನೂ ಕಾಲವಿದೆ. ಮಳೆ ನಿಂತು ಅಡಿಕೆ ಕೊಯ್ಲು ಆರಂಭವಾಗುವ ಮುನ್ನ ಅಟ್ಟ ಹತ್ತಿ ತಂತಿಗಳನ್ನು ನೋಡಿ, ತೊಲೆ ತಟ್ಟಿ, ಬೆಳಕಿಂಡಿಗೆ ಜಾಗ ಗುರುತಿಸಿಕೊಳ್ಳಬಹುದು. ಪಡುವಣದಲ್ಲಿ ನೆಡಬೇಕಾದ ಸಸಿಗೆ ಮುಂದಿನ ಮಳೆಗಾಲದವರೆಗೆ ಕಾಯಬೇಕು, ಗುಂಡಿಯನ್ನು ಈಗಲೇ ತೋಡಿಡಬಹುದು. ಆ ಮರ ಬೆಳೆದು ಗೋಡೆಗೆ ನೆರಳು ಕೊಡುವ ದಿನ ಫ್ಯಾನಿನ ವೇಗವನ್ನು ಒಂದು ಅಂಕೆ ಇಳಿಸಿದರೂ ಆಯಿತು, ಅಷ್ಟು ಭಾರ ಶರಾವತಿಯ ಮೇಲಿಂದ ಇಳಿದಂತೆ.